ಬೋಣಿ ಸೂಜಿ

ಗಣಪತಿ ಹಬ್ಬ ಮುಗಿದು ಎರಡು ವಾರವಾಗಿತ್ತು. ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ, ಮಾಲಿ ಎಲ್ಲರ ಮನೆಯ ಒಣಪತ್ರಿಯನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದ. ಈ ಊರಿನಲ್ಲಿ ಗಣಪತಿಗೆ ಇಪ್ಪತ್ತೊಂದು ಬಗೆಯ ಪತ್ರಿ ಆಗಲೇಬೇಕು. ಮಾರುವವರು ಕಟ್ಟು ಕಟ್ಟಿಯೇ ಕೊಡುತ್ತಾರೆ, ಕೊಳ್ಳುವವರಿಗೆ ಅದರಲ್ಲಿ ಯಾವುದು ಯಾವ ಎಲೆ ಎಂದು ಗೊತ್ತಿರುವುದಿಲ್ಲ. ಭಾನುವಾರ ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಗೆ ಬಂದ ನನಗೆ ಮಾತ್ರ ಆ ಹೊಗೆಯಲ್ಲಿ ಒಂದು ಎಲೆಯ ಗುರುತು ಸಿಕ್ಕಿತು. ಮಾಚಿಪತ್ರೆ. ಕಹಿಯಾದ, ಗಂಟಲಿಗೆ ಹತ್ತುವ, ಒಮ್ಮೆ ಬಟ್ಟೆಗೆ ಹಿಡಿದರೆ ಎರಡು ಸಲ ಒಗೆದರೂ ಹೋಗದ ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ಎಳೆಯಲು ಬಂದಳು. ಸ್ವಲ್ಪ ಹೊತ್ತು ಇರಲಿ ಎಂದೆ.

ಅದು ಕಾಚಿಗೂಡದ ಒಂದು ಮನೆಯ ಪಡಸಾಲೆಯ ವಾಸನೆ. ಆ ಮನೆಯಲ್ಲಿದ್ದವರನ್ನು ನಾವೆಲ್ಲ ಸೂಜಿ ಮೌಶಿ, ಅಂದರೆ ಸೂಜಿ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ನನ್ನ ಎಡ ಅಂಗಾಲಿನ ಉರಿಗೆ ಎರಡು ವರ್ಷದ ಹತ್ತಿರ ಹತ್ತಿರ ಅವರು ಸೂಜಿ ಚುಚ್ಚಿದರು. ಉಪಕಾರ ಮಾಡಿದರು ಎನ್ನುವುದು ಸಣ್ಣ ಮಾತು. ಅವರ ಕಾಲಿಗೆ ಅಪಾಯ ಬಂದದ್ದು ನನಗೆ ಕಂಡಿತ್ತು. ಕಂಡ ಮೇಲೂ ನಾನು ಆರು ವಾರ ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಬರೆಯುತ್ತ ಬರೆಯುತ್ತ ನಾನು ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ.

ಆಗ ನಾವು ಲಿಂಗಂಪಲ್ಲಿಯ ಕಡೆ ಕಾರ್ಖಾನೆಯ ಕಾಲೊನಿಯಲ್ಲಿದ್ದೆವು. ಕೇಂದ್ರ ಸರಕಾರದ ಕಾರ್ಖಾನೆ, ಅರ್ಧ ಭಾರತವೇ ಅಲ್ಲಿತ್ತು. ನಮ್ಮ ಸಾಲಿನಲ್ಲೇ ಗದಗಿನವರು, ಬೀದರಿನವರು, ಮಂಡ್ಯದವರು ಇದ್ದರು. ಹೊರಗೆ ತೆಲುಗು, ಕ್ಯಾಂಟೀನಿನಲ್ಲಿ ಹಿಂದಿ, ಮನೆಯಲ್ಲಿ ಮಾತ್ರ ನಮ್ಮ ಮಾತು. ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಅಳೆಯುವ ಸಾಧನಗಳನ್ನು ಅಳೆಯುವುದು. ಯಂತ್ರದ ಭಾಗಗಳನ್ನು ಅಳೆಯಲು ಶಾಪಿನಲ್ಲಿ ಗೇಜುಗಳಿರುತ್ತವೆ. ಬಳಸಿ ಬಳಸಿ ಗೇಜೇ ಸವೆಯುತ್ತದೆ. ಸವೆದ ಗೇಜು ತಪ್ಪನ್ನು ಸರಿ ಎಂದು ಹೇಳುತ್ತದೆ, ಅದೂ ಬಹಳ ಧೈರ್ಯದಿಂದ. ಅದಕ್ಕೇ ಅವು ಆಗಾಗ ನಮ್ಮ ಗೇಜ್ ರೂಮಿಗೆ ಬರಬೇಕು. ಸರಿ ಇದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದದ್ದು ಅದೇ ಗಳಿಗೆಯಲ್ಲಿ ಬೀರುವಿನೊಳಗೆ ಹೋಗಬೇಕು, ಜನರಲ್ ಮ್ಯಾನೇಜರೇ ಬಂದು ಕೇಳಿದರೂ ಕೊಡುವಂತಿಲ್ಲ. ಈ ಕೆಲಸ ಮಾಡಿ ಮಾಡಿ ನನಗೆ ಯಾರನ್ನೂ ಯಾವುದನ್ನೂ ಸುಲಭಕ್ಕೆ ನಂಬದ ಚಾಳಿ ಬಂದಿತ್ತು. ಹೆಂಡತಿ ಹೇಳುವ ಪ್ರಕಾರ ಹಾಲಿನವನ ಲೀಟರನ್ನೂ ನಾನು ನಂಬುತ್ತಿರಲಿಲ್ಲ.

ನಲವತ್ತೈದರ ಆಸುಪಾಸಿನಲ್ಲಿ ಎಡಗಾಲಿನ ಅಂಗಾಲು ಉರಿಯಲು ಶುರುವಾಯಿತು. ಮೆಣಸಿನಪುಡಿ ಸವರಿದ ಹಾಗೆ. ಹೊದಿಕೆಯ ಅಂಚು ತಗುಲಿದರೂ ಎದ್ದು ಕೂರಬೇಕು. ಕಾರ್ಖಾನೆಯ ದವಾಖಾನೆಯ ಡಾಕ್ಟರು ರಕ್ತ ನೋಡಿ, ಸಕ್ಕರೆ ಹೊಸ್ತಿಲ ಮೇಲಿದೆ, ಕಾಲಿನ ನರಕ್ಕೆ ಪೆಟ್ಟಾಗಿದೆ ಎಂದರು. ಆಮೇಲೆ ನನಗೆ ಕಣ್ಣು ಮುಚ್ಚಲು ಹೇಳಿ, ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆಯನ್ನು ಪಾದದ ಅಲ್ಲಲ್ಲಿ ಒತ್ತಿದರು. ಒತ್ತಿದಾಗಲೆಲ್ಲ ಹೂಂ ಎಂದೆ. ಅವರು ಸಮಾಧಾನಪಟ್ಟರು. ನರ ಕೂಗುತ್ತಿದೆ ಎಂದರೆ ಇನ್ನೂ ಜೀವ ಇದೆ ಎಂದರ್ಥ, ಅದು ಸುಮ್ಮನಾದ ದಿನ ನನ್ನ ಹತ್ತಿರ ಓಡಿ ಬನ್ನಿ ಎಂದು ತೆಲುಗಿನಲ್ಲಿ ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಯಾಕೆ ಉಳಿಯಿತೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಅವರು ಕೊಟ್ಟ ಗುಳಿಗೆಗೆ ಉರಿ ಇಳಿಯುತ್ತಿತ್ತು, ಜೊತೆಗೆ ನಾನೂ ಇಳಿದುಹೋಗುತ್ತಿದ್ದೆ. ಮಧ್ಯಾಹ್ನದವರೆಗೂ ಮಂಪರು. ಒಂದು ದಿನ ಒಂದು ಮೈಕ್ರೊಮೀಟರಿನ ಗೆರೆ ತಪ್ಪಿ ಓದಿದೆ. ಎರಡನೇ ಸಲ ತಪ್ಪಿದಾಗ ಸಾಹೇಬರು ಬೈಯಲಿಲ್ಲ. ಸ್ಟೋರ್ಸಿನಲ್ಲಿ ಒಂದು ಕುರ್ಚಿ ಖಾಲಿ ಇದೆಯಲ್ಲ, ಕಾಲಿಗೂ ಆರಾಮ ಎಂದು ನಯವಾಗಿ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಪಕ್ಕದ ಟೇಬಲಿನಲ್ಲಿದ್ದ ಧಾರವಾಡ ಕಡೆಯ ಸಹೋದ್ಯೋಗಿ ಆಗ ಕಾಚಿಗೂಡದ ವಿಳಾಸ ಹೇಳಿದ. ಅವನ ತಾಯಿಯ ಮೊಣಕಾಲು ಅಲ್ಲಿ ಹಗುರವಾಗಿತ್ತಂತೆ. ಅಕ್ಯುಪಂಕ್ಚರ್ ಎಂದು ಸೂಜಿ ಚುಚ್ಚಿ ನೋವು ತೆಗೆಯುವುದನ್ನು ನಾನು ನಂಬುತ್ತೇನೆಯೇ ಎಂದು ಅವನೇ ನಕ್ಕ. ನಂಬಿಕೆ ಇರಲಿಲ್ಲ. ಸ್ಟೋರ್ಸಿನ ಕುರ್ಚಿಯ ಹೆದರಿಕೆ ಇತ್ತು.

ಆಗಷ್ಟೇ ಲೋಕಲ್ ರೈಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ಭಾನುವಾರ ಲಿಂಗಂಪಲ್ಲಿಯಲ್ಲಿ ಹತ್ತಿದರೆ ಕಿಟಕಿ ಸೀಟು ಖಾತ್ರಿ. ಕಾಚಿಗೂಡ ಸ್ಟೇಷನ್ನಿನಿಂದ ಹೊರಬಿದ್ದು, ಲಾಡ್ಜುಗಳ ಸಾಲು ದಾಟಿ, ಒಂದು ಸಂದಿಗೆ ತಿರುಗಿದರೆ ಹೊಗೆಯ ವಾಸನೆಯೇ ಬಾಗಿಲವರೆಗೆ ಕರೆದುಕೊಂಡು ಹೋಗುತ್ತಿತ್ತು. ಶಾಬಾದಿ ಕಲ್ಲಿನ ನೆಲ, ಮೂರು ಮಂಚ, ಒಂದು ಬೆಂಚು. ಗೋಡೆಯ ಮೇಲೆ ಮೈತುಂಬ ಗೆರೆ, ಚುಕ್ಕೆ ಬರೆಸಿಕೊಂಡ ಚೀನೀ ಮನುಷ್ಯನ ಪಟ, ಅವನ ಪಕ್ಕದಲ್ಲೇ ಬನಶಂಕರಿಯ ಫೋಟೊ. ಮೂಲೆಯಲ್ಲಿ ಮುಸುಕು ಹಾಕಿದ ಹೊಲಿಗೆ ಯಂತ್ರ. ಅದರ ಮೇಲೆ ಸೂಜಿಯ ಪಾಕೀಟುಗಳು. ಮೌಶಿ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದವರು. ಬಾದಾಮಿ ಕಡೆಯವರು, ಗಂಡನ ಸರಕಾರಿ ನೌಕರಿಗಾಗಿ ಹೈದರಾಬಾದಿಗೆ ಬಂದು ಇಲ್ಲಿಯವರೇ ಆಗಿಹೋಗಿದ್ದರು. ಸೊಂಟದ ನೋವಿಗೆ ಯಾರೋ ಸೂಜಿ ಚುಚ್ಚಿ ವಾಸಿ ಮಾಡಿದ್ದೇ ನೆಪ, ರಜೆ ಹಾಕಿ ಮುಂಬಯಿಗೆ ಹೋಗಿ ಕಲಿತುಬಂದರಂತೆ. ಗಂಡ ತೀರಿಕೊಂಡ ಮೇಲೆ, ನಿವೃತ್ತಿಯಾದ ಮೇಲೆ, ತಂಗಿಯನ್ನು ಜೊತೆಗಿಟ್ಟುಕೊಂಡು ಇದನ್ನೇ ಹಿಡಿದರು. ನಾನೇನೂ ಹೊಸ ಕೆಲಸಕ್ಕೆ ಕೈ ಹಾಕಿಲ್ಲ, ಸೂಜಿ ಬದಲಾಗಿದೆ ಅಷ್ಟೇ ಎನ್ನುವುದು ಅವರ ಕಾಯಂ ತಮಾಷೆ.

ಟೀಚರ್ ದನಿ ಅವರನ್ನು ಬಿಟ್ಟಿರಲಿಲ್ಲ. ಬಂದವರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಎಲ್ಲಿ ನೋವೋ ಅದೇ ಹೆಸರು. ಆಟೊ ಓಡಿಸುವ ಒಬ್ಬ ತೆಲುಗಿನವನು ಕುತ್ತಿಗೆ, ಗಲ್ಲಿಯ ಕೊನೆಯ ಮಾರವಾಡಿ ಹೆಂಗಸು ಮೊಣಕಾಲು. ನಾನು ಅಂಗಾಲು. ಕನ್ನಡ, ತೆಲುಗು, ದಖನಿ ಉರ್ದು ಮೂರರಲ್ಲೂ ಗದರುತ್ತಿದ್ದರು. ಪಕ್ಕದ ಲಾಡ್ಜಿನಲ್ಲಿ ಇಳಿದ ಯಾರೋ ಒಬ್ಬ ಈ ಹೊಗೆಯನ್ನು ಗಾಂಜಾ ಎಂದುಕೊಂಡು ಒಂದು ಸಲ ಬಾಗಿಲು ತಟ್ಟಿ, ಒಂದು ಪುಡಿಕೆ ಸಿಗುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳಿದ್ದನಂತೆ. ಮೌಶಿ ಅವನನ್ನು ಒಳಗೆ ಕರೆದು ಮಂಚದ ಮೇಲೆ ಮಲಗಿಸಿ ಬೆನ್ನಿಗೆ ಎಂಟು ಸೂಜಿ ಹಾಕಿ ಕಳಿಸಿದರಂತೆ. ಇದನ್ನು ಅವರು ಹೇಳುವಾಗ ಮೂರು ಮಂಚದ ಮೇಲೂ ಜನ ನಗುತ್ತಿದ್ದರು, ಸೂಜಿ ಅಲುಗೀತು ಎಂದು ಅವರೇ ಗದರುತ್ತಿದ್ದರು.

ಅವರದ್ದೊಂದು ಪದ್ಧತಿ ಇತ್ತು. ದಿನದ ಮೊದಲ ಸೂಜಿ ಅವರಿಗೇ. ಬೆಳಿಗ್ಗೆ ಎಲ್ಲರೂ ಕುಳಿತ ಮೇಲೆ, ಗಿಡ್ಡ ಸ್ಟೂಲಿನ ಮೇಲೆ ಕೂತು, ಸೀರೆಯ ನೆರಿಗೆ ಒಂದು ಗೇಣು ಮೇಲೆತ್ತಿ, ಸ್ಪಿರಿಟ್ಟಿನ ಅರಳೆ ಒರೆಸಿ, ಬಲಗಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಸರಕ್ಕನೆ ಒಂದು ಸೂಜಿ ಇಳಿಸುತ್ತಿದ್ದರು. ಅದಕ್ಕೆ ಬೋಣಿ ಎನ್ನುತ್ತಿದ್ದರು. ಮಾರ್ಕೆಟ್ಟಿನವರು ದಿನದ ಮೊದಲ ಮಾರಾಟಕ್ಕೆ ಹೇಳುತ್ತಾರಲ್ಲ, ಹಾಗೆ. ಹೊಸಬರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನೂ ಮೊದಲ ದಿನ ಹಾಗೇ ನೋಡಿದೆ.

“ನೋಡ್ರಿ, ನನಗೇನರ ಆತೇನು? ಆಗಲಿಲ್ಲ. ನಿಮಗೂ ಆಗೂದಿಲ್ಲ,” ಎಂದರು.

ಅವರ ಮುಖದಲ್ಲಿ ಒಂದು ರೆಪ್ಪೆಯೂ ಅಲುಗಿರಲಿಲ್ಲ. ಮೊದಮೊದಲು ನನಗೂ ಚುರ್ರೆನ್ನುತ್ತಿತ್ತು, ನಾಲ್ಕೈದು ವರ್ಷದಿಂದ ಏನೂ ಗೊತ್ತಾಗುವುದಿಲ್ಲ, ಕೈ ಅಷ್ಟು ಪಳಗಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಎಲ್ಲರಿಗೂ ಹೇಳುತ್ತಿದ್ದರು. ಅದನ್ನು ನೋಡಿಯೇ ಜನ ಕಾಲು ಚಾಚುತ್ತಿದ್ದರು. ಸೂಜಿಗೆ ಹೆದರಿ ಬಾಗಿಲಲ್ಲೇ ನಿಂತವರನ್ನು ಮಂಚದವರೆಗೆ ತರುತ್ತಿದ್ದದ್ದು ಆ ಒಂದು ಸೂಜಿ.

ನನ್ನ ಕಾಲಿಗೆ ಬಿದ್ದಾಗ ನನಗಂತೂ ಗೊತ್ತಾಯಿತು. ಇರುವೆ ಕಚ್ಚಿದಷ್ಟು, ಆಮೇಲೆ ಒಳಗೆಲ್ಲೋ ಒಂದು ಭಾರ ಇಳಿದಂತೆ. ಭಾರವಾಯಿತೇ, ಎಲ್ಲಿಯವರೆಗೆ ಹೋಯಿತು ಎಂದು ಅವರು ಕೇಳಿ ಕೇಳಿ ಸೂಜಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಆಮೇಲೆ ಮಾಚಿಪತ್ರೆಯನ್ನು ಕುಟ್ಟಿ ಕಾಗದದಲ್ಲಿ ಸುತ್ತಿದ ಬೀಡಿಯಂಥ ಉದ್ದನೆಯ ಕಡ್ಡಿ ಹೊತ್ತಿಸಿ, ಪಾದಕ್ಕೆ ತಗಲದಂತೆ ಸುತ್ತಲೂ ಆಡಿಸುವುದು. ಐದನೆಯದೋ ಆರನೆಯದೋ ವಾರದಿಂದ ನಾನು ನಿದ್ದೆ ಮಾಡತೊಡಗಿದೆ. ಸೂಜಿಯಿಂದಲೋ, ವಾರಕ್ಕೊಂದು ದಿನ ಒಂದು ತಾಸು ಯಾರಿಗೂ ಬೇಡವಾದವನಂತೆ ಮಲಗಿದ್ದರಿಂದಲೋ, ಸಕ್ಕರೆ ಬಿಟ್ಟಿದ್ದರಿಂದಲೋ, ನಾನು ಹೇಳಲಾರೆ. ಉರಿ ಹೋಗಲಿಲ್ಲ, ಆದರೆ ಅದರ ಜೊತೆ ಬದುಕಬಹುದು ಎನ್ನುವಷ್ಟಾಯಿತು. ಗುಳಿಗೆ ಅರ್ಧಕ್ಕಿಳಿಯಿತು. ಸ್ಟೋರ್ಸಿನ ಕುರ್ಚಿಗೆ ಬೇರೆ ಯಾರೋ ಹೋದರು. ಯಾವುದನ್ನೂ ನಂಬದ ನಾನು ರೈಲಿನಲ್ಲಿ ಪಕ್ಕ ಕುಳಿತವರಿಗೂ ಮೌಶಿಯ ವಿಳಾಸ ಹೇಳುವವನಾದೆ.

ಅವರಿಗೆ ನನ್ನ ಕೆಲಸದ ಕಥೆ ಕೇಳುವುದೆಂದರೆ ಇಷ್ಟ. ಕೆಂಪು ಚೀಟಿಯ ವಿಷಯ ಹೇಳಿದಾಗ ಬಹಳ ಖುಷಿಪಟ್ಟರು. ಹೊಲಿಗೆ ಟೇಪೂ ಹಾಗೇ, ಹಳೆಯದಾದರೆ ಜಗ್ಗುತ್ತದೆ, ಜಗ್ಗಿದ ಟೇಪಿನಲ್ಲಿ ಅಳತೆ ತೆಗೆದು ಹೊಸ ಟೇಪಿನಲ್ಲಿ ಬಟ್ಟೆ ಕತ್ತರಿಸಿದರೆ ರವಿಕೆ ಬಿಗಿಯಾಗುತ್ತದೆ, ಹುಡುಗಿಯರು ದಪ್ಪಗಾದೆವು ಎಂದು ಅಳುತ್ತಾರೆ ಎಂದು ನಕ್ಕರು. ಅವರು ಅಂದು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ...

ಎರಡನೆಯ ವರ್ಷದ ಚಳಿಗಾಲ. ಒಂದು ಭಾನುವಾರ ಅವರು ನನ್ನ ಕಾಲ ಬಳಿ ಸ್ಟೂಲಿನ ಮೇಲೆ ಕುಳಿತು, ಕಡ್ಡಿ ಆಡಿಸುತ್ತ, ಹಿಂದೆ ಮಲಗಿದ್ದ ಮೊಣಕಾಲಿನ ಜೊತೆ ಹಿಂದಿಯಲ್ಲಿ ಏನೋ ಹರಟುತ್ತಿದ್ದರು. ಕಡ್ಡಿಯ ತುದಿಯಿಂದ ಕಡಲೆಕಾಳಿನಷ್ಟು ಕೆಂಡ ಉದುರಿತು. ಬಿದ್ದದ್ದು ಅವರ ಬಲಗಾಲಿನ ಎರಡನೆಯ ಬೆರಳಿನ ಬುಡಕ್ಕೆ. ನಾನು ನೋಡುತ್ತಿದ್ದೆ. ಈಗ ಕಾಲು ಎಳೆದುಕೊಳ್ಳುತ್ತಾರೆ ಎಂದುಕೊಂಡೆ. ಎಳೆದುಕೊಳ್ಳಲಿಲ್ಲ. ಮಾತು ಮುಂದುವರಿಯಿತು. ಕೆಂಡ ಅಲ್ಲೇ ಇತ್ತು, ಕೆಂಪಗೆ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತ. ಮೌಶಿ, ಕೆಂಡ ಎಂದು ನಾನೇ ಹೇಳಬೇಕಾಯಿತು. ಬಗ್ಗಿ ನೋಡಿ, ಕೂದಲು ಬಿದ್ದಿದ್ದರೆ ತೆಗೆಯುವ ಹಾಗೆ ಬೆರಳಿನಿಂದ ಸರಿಸಿದರು. ಎಷ್ಟು ಸೂಜಿ ತಿಂದ ಕಾಲು ಇದು, ಇದಕ್ಕೇನಾಗುತ್ತದೆ ಎಂದು ಮತ್ತೆ ಹರಟೆಗೆ ತಿರುಗಿದರು.

ಆ ಚರ್ಮದ ಮೇಲೆ ಬಿಳಿಯ ಒಂದು ಗುಳ್ಳೆ ಏಳುತ್ತಿತ್ತು. ನನಗೆ ದವಾಖಾನೆಯ ಡಾಕ್ಟರ ಮಾತು ನೆನಪಾಯಿತು. ನರ ಸುಮ್ಮನಾದ ದಿನ. ಅವರ ಕೈ ಪಳಗಿರಲಿಲ್ಲ. ಕಾಲು ಸತ್ತಿತ್ತು. ನಾಲ್ಕೈದು ವರ್ಷದಿಂದ ದಿನಾ ಬೆಳಿಗ್ಗೆ, ನಮ್ಮೆಲ್ಲರ ಕಣ್ಣೆದುರು, ಆ ಸೂಜಿ ಅದನ್ನೇ ಹೇಳುತ್ತ ಬಂದಿತ್ತು. ಅವರಿಗೂ ತಿಳಿದಿರಲಿಲ್ಲ, ನಮಗೂ.

ಆ ದಿನ ಹೇಳಬಹುದಿತ್ತು. ಪಡಸಾಲೆಯ ತುಂಬ ಜನ ಇದ್ದರು, ಅವರೆದುರು ಹೇಳುವುದೇ ಎಂದುಕೊಂಡೆ. ಜನ ಹೋದ ಮೇಲೆ ಹೇಳಬಹುದಿತ್ತು. ದೊಡ್ಡವರು, ಈ ವಿದ್ಯೆ ಕಲಿತವರು, ಅವರಿಗೆ ನಾನು ಹೇಳುವುದೇ ಎಂದುಕೊಂಡೆ. ರೈಲಿನಲ್ಲಿ ಕುಳಿತು ವಾಪಸು ಬರುವಾಗ ನಿಜವಾದ ಕಾರಣ ತಾನಾಗಿಯೇ ಬಂದು ಎದುರಿಗೆ ಕುಳಿತಿತು: ಇದನ್ನು ಹೇಳಿದರೆ ಅವರು ಸೂಜಿ ಹಾಕುವುದನ್ನೇ ಬಿಟ್ಟರೆ? ನನ್ನ ಕಾಲಿನ ಗತಿ ಏನು? ಆಗಷ್ಟೇ ನಿದ್ದೆ ಕಂಡಿದ್ದೆ. ಹೀಗೆ ಯೋಚಿಸಿದ್ದಕ್ಕೆ ನನಗೆ ಈಗಲೂ ನಾಚಿಕೆ.

ಮುಂದಿನ ವಾರ ಒಂದು ಅರೆಬರೆ ಪ್ರಯತ್ನ ಮಾಡಿದೆ. ನೀವೂ ಒಮ್ಮೆ ಸಕ್ಕರೆ ನೋಡಿಸಬಾರದೇ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಸಕ್ಕರೆ ಹಾಕಿದ ಚಹಾ ಬಿಟ್ಟು ಇಪ್ಪತ್ತು ವರ್ಷವಾಯಿತು, ನನಗೆಲ್ಲಿಯ ಸಕ್ಕರೆ ಎಂದರು. ಹೇಳಿದ್ದೇನಲ್ಲ ಎಂದು ನಾನು ಹಗುರಾದೆ. ಮೂರನೆಯ ವಾರ ಅವರು ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದರು, ಥಂಡಿಗೆ ಎಂದರು. ಬೋಣಿಗೆ ಮಾತ್ರ ಚೀಲ ತೆಗೆದು ಮತ್ತೆ ಏರಿಸಿಕೊಂಡರು. ಗುಳ್ಳೆಯ ಜಾಗ ಕಪ್ಪಗಿತ್ತು. ನಾಲ್ಕನೆಯ ವಾರ, ಐದನೆಯ ವಾರ... ಚಪ್ಪಲಿಯ ಪಟ್ಟಿ ಬಿಗಿಯಾಯಿತೆಂದು ಕತ್ತರಿಸಿಕೊಂಡಿದ್ದರು. ನಾನು ಕಾಲು ಚಾಚಿ ಮಲಗುತ್ತಿದ್ದೆ, ನೋಡುತ್ತಿದ್ದೆ, ಏಳುತ್ತಿದ್ದೆ.

ಆರನೆಯ ವಾರ ಅವರು ಒಂದು ಮಂಚದಿಂದ ಇನ್ನೊಂದಕ್ಕೆ ಹೋದಾಗ ಶಾಬಾದಿ ಕಲ್ಲಿನ ಮೇಲೆ ಒದ್ದೆಯ ಗುರುತು ಬಿತ್ತು. ಒಂದು, ಇನ್ನೊಂದು. ಅವರು ಹಿಂತಿರುಗಿ ನೋಡಿ, ನೀರು ಚೆಲ್ಲಿದವರು ಯಾರು ಎಂದು ಎಲ್ಲರನ್ನೂ ಗದರಿ, ತಾವೇ ಅರಿವೆ ತಂದು ಬಗ್ಗಿ ಒರೆಸಿದರು. ಅದು ನೀರಾಗಿರಲಿಲ್ಲ. ಅವರು ತಮ್ಮ ಹುಣ್ಣಿನ ಗುರುತನ್ನೇ ಒರೆಸುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಅವತ್ತು ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ.

ಇನ್ನೊಂದು ವಾರ ತಡೆಯುವುದು ಆಗದ ಮಾತಾಯಿತು. ಮರುದಿನ ಡಾಕ್ಟರ ಹತ್ತಿರ ಹೋಗಿ ಅವರ ನೈಲಾನ್ ಎಳೆಯ ವಿಷಯ ಕೇಳಿದೆ. ಹತ್ತು ಗ್ರಾಂ ಭಾರಕ್ಕೆ ಬಾಗಬೇಕು, ಅಷ್ಟೇ ಅದರ ಗುಟ್ಟು ಎಂದರು. ಅಂಥದ್ದೇ ದಪ್ಪದ ದಾರ ತಂದು, ಗೇಜ್ ರೂಮಿನ ತಕ್ಕಡಿಯ ಮೇಲೆ ಒತ್ತಿ ಒತ್ತಿ, ಸರಿಯಾಗಿ ಹತ್ತು ಗ್ರಾಮಿಗೆ ಬಾಗುವವರೆಗೆ ಕತ್ತರಿಸಿದೆ. ಸರಿ ಅಳತೆ ಮಾಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಮಂಗಳವಾರ ಅರ್ಧ ದಿನ ರಜೆ ಹಾಕಿ ಬೆಳಿಗ್ಗೆಯೇ ಕಾಚಿಗೂಡಕ್ಕೆ ಹೋದೆ.

ಪಡಸಾಲೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ರವಿವಾರದ ಅಂಗಾಲು ಮಂಗಳವಾರ ಯಾಕೆ ಬಂತು ಎಂದು ಅಚ್ಚರಿಪಟ್ಟರು. ದವಾಖಾನೆಯಲ್ಲಿ ನನಗೆ ಮಾಡಿದ ಒಂದು ಪರೀಕ್ಷೆ ಇದೆ, ನಿಮಗೂ ಮಾಡುತ್ತೇನೆ ಎಂದೆ. ಹೊಸದೇನಾದರೂ ಕಲಿಯುವುದೆಂದರೆ ಅವರು ಎಂದೂ ತಯಾರು. ನಾನು ಹೇಳಿದಂತೆ ಬೆಂಚಿನ ಮೇಲೆ ಕುಳಿತು, ನಾವು ಕಾಲಿಡುವ ಜಾಗದಲ್ಲಿ ಕಾಲಿಟ್ಟು, ಕಣ್ಣು ಮುಚ್ಚಿದರು. ಕೈ ಎರಡೂ ಮಡಿಲಲ್ಲಿ. ನಾನು ಅವರ ಗಿಡ್ಡ ಸ್ಟೂಲಿನ ಮೇಲೆ ಕುಳಿತೆ. ದಾರ ಹಚ್ಚಿದ್ದು, ಅಂದರೆ ತಗುಲಿದ್ದು, ಗೊತ್ತಾದ ಕೂಡಲೇ ಹೇಳಿ ಎಂದು, ಮೊದಲು ಮಣಿಕಟ್ಟಿಗೆ ಒತ್ತಿದೆ. ಹಚ್ಚಿದಿ ಎಂದು ತಕ್ಷಣ ಹೇಳಿ ನಕ್ಕರು. ಮೊಣಕಾಲ ಕೆಳಗೆ ಒತ್ತಿದೆ. ಹಚ್ಚಿದಿ. ಆಮೇಲೆ ಕಾಲುಚೀಲ ತೆಗೆದು ಬಲಗಾಲಿನ ಹೆಬ್ಬೆರಳಿಗೆ ಒತ್ತಿದೆ. ಬೋಣಿಯ ಜಾಗಕ್ಕೆ ಒತ್ತಿದೆ. ಹುಣ್ಣನ್ನು ಬಿಟ್ಟು ಅಂಗಾಲಿನ ಮೂರು ಕಡೆ ಒತ್ತಿದೆ. ಹಿಮ್ಮಡಿಗೆ, ಎಡಗಾಲಿಗೆ, ಮತ್ತೆ ಬಲಗಾಲಿಗೆ... ಅವರು ಪಾಠ ಕೇಳುವ ಹುಡುಗಿಯ ಹಾಗೆ ನೆಟ್ಟಗೆ ಕುಳಿತೇ ಇದ್ದರು. ಕಿವಿ ನನ್ನ ಕಡೆಗಿತ್ತು.

“ತಮ್ಮಾ,” ಎಂದರು ಕೊನೆಗೆ, ಕಣ್ಣು ತೆರೆಯದೆ, “ಹಚ್ಚೂದು ಯಾವಾಗ?”

ಅವರು ಕಣ್ಣು ತೆರೆದರು. ನನ್ನ ಕೈಯಲ್ಲಿದ್ದ ದಾರ ಅವರ ಹೆಬ್ಬೆರಳಿನ ಮೇಲೆ ಬಾಗಿ ನಿಂತಿತ್ತು. ಅದನ್ನು ನೋಡಿದರು. ಹೊಲಿಗೆ ಯಂತ್ರದ ಮೇಲಿದ್ದ ಸೂಜಿಯ ಪಾಕೀಟುಗಳನ್ನು ನೋಡಿದರು. ಅವರಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ನನ್ನ ಕೈಯಿಂದ ದಾರ ತೆಗೆದುಕೊಂಡು ತಾವೇ ಒಂದು ಸಲ ಒತ್ತಿಕೊಂಡರು, ನೋಡುತ್ತ. ಇನ್ನೊಂದು ಸಲ ಕಣ್ಣು ಮುಚ್ಚಿಕೊಂಡು.

“ನಿನಗ ಯಾವಾಗಿಂದ ಗೊತ್ತಿತ್ತು?”

ಸುಳ್ಳು ಹೇಳಲು ನಾಲಿಗೆ ತಯಾರಿತ್ತು. ಹೇಳಲಿಲ್ಲ. ಕೆಂಡ ಬಿದ್ದ ದಿನದಿಂದ, ಆರು ವಾರ ಎಂದೆ.

ಸ್ಟೇಷನ್ನಿನ ಮೈಕಿನಲ್ಲಿ ಯಾವುದೋ ರೈಲಿನ ಹೆಸರು ಮೂರು ಭಾಷೆಯಲ್ಲಿ ಬಂದು ಹೋಯಿತು.

“ಗೇಜ್ ತಪ್ಪೈತಿ ಅಂತ ಗೊತ್ತಾದ ಮ್ಯಾಲೆ,” ಎಂದರು, “ನಿಮ್ಮ ಕಾರ್ಖಾನ್ಯಾಗ ಅದನ್ನ ಎಷ್ಟ ದಿನಾ ಚಾಲೂ ಇಟ್ಕೋತೀರಿ?”

ಒಂದು ಗಳಿಗೆಯೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆ ಬೈಸಿಕೊಳ್ಳುವುದಕ್ಕಿಂತ ಹೊಡೆಸಿಕೊಳ್ಳುವುದು ಸುಲಭ. ನಾನು ಏಳಲು ಹೊರಟೆ. ಕೂಡು ಎಂದರು. ಇಷ್ಟು ದೂರ ಬಂದಿದ್ದೀ, ಮಲಗು ಎಂದು ಮಂಚ ತೋರಿಸಿದರು. ಅಂದು ಅವರು ಬೋಣಿ ಮಾಡಿಕೊಳ್ಳಲಿಲ್ಲ. ಒಂದೊಂದು ಸೂಜಿ ಹಾಕುವಾಗಲೂ ನನ್ನ ಮುಖವನ್ನೇ ನೋಡುತ್ತ ನೋವಾಯಿತೇ ಎಂದು ಕೇಳಿದರು. ಅದುವರೆಗೆ ಅವರು ಹಾಗೆ ಕೇಳಿದ್ದೇ ಇಲ್ಲ. ಆಯಿತು ಎಂದೆ. ಪ್ರತಿ ಸಲವೂ ಆಯಿತು ಎಂದೆ. ಅವರ ಕೈ ಮೊದಲಿನ ಹಾಗೇ ಇತ್ತು, ನನಗೇ ತಡೆದುಕೊಳ್ಳಲಾಗಲಿಲ್ಲ.

ಮರುದಿನ ಅವರ ತಂಗಿ ಮತ್ತು ನಾನು ಆಟೊದಲ್ಲಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತದಲ್ಲಿ ಸಕ್ಕರೆ ಎಷ್ಟೋ ವರ್ಷದಿಂದ ಏರಿ ಕುಳಿತಿತ್ತು. ಮೇಲೆ ಸಣ್ಣದಾಗಿ ಕಂಡ ಹುಣ್ಣು ಒಳಗೆ ಎಲುಬಿನವರೆಗೆ ಹೋಗಿತ್ತು. ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದರು. ಬೋಣಿಯ ಜಾಗ ಎರಡು ಬೆರಳಿನ ನಡುವೆ ಇತ್ತಲ್ಲ, ಈಗ ನಡುವೆ ಎನ್ನಲು ಏನೂ ಉಳಿಯಲಿಲ್ಲ. ಆರು ವಾರ ಮೊದಲು ಬಂದಿದ್ದರೆ ಉಳಿಯುತ್ತಿತ್ತೇ ಎಂದು ನಾನು ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಉಳಿಯಬಹುದಿತ್ತು, ಹೇಳಲಾಗದು ಎಂದು ಮುಂದೆ ಹೋದರು. ಆ ಹೇಳಲಾಗದು ಎನ್ನುವುದರಲ್ಲಿ ಇಷ್ಟು ವರ್ಷ ಕಳೆದಿದ್ದೇನೆ.

ಅವರು ಸೂಜಿ ಬಿಡಲಿಲ್ಲ. ಮೂರು ತಿಂಗಳಿಗೆ ಪಡಸಾಲೆ ಮತ್ತೆ ತೆರೆಯಿತು. ಈಗ ಹೊಸ ಕಾನೂನು: ಯಾರೇ ಬಂದರೂ ಮೊದಲು ರಕ್ತದ ರಿಪೋರ್ಟು, ಡಾಕ್ಟರ ಚೀಟಿ, ಆಮೇಲೆ ಕಣ್ಣು ಮುಚ್ಚಿಸಿ ನೈಲಾನ್ ದಾರ. ಎಲ್ಲಾದರೂ ಒಂದು ಕಡೆ ಹೂಂ ಅನ್ನದಿದ್ದರೂ ಸೂಜಿ ಇಲ್ಲ, ಆಸ್ಪತ್ರೆಗೆ ಹೋಗು. ಹೊಲಿಗೆ ಪೆಟ್ಟಿಗೆಯಿಂದ ಒಂದು ಕೆಂಪು ಬಟ್ಟೆಯ ತುಂಡು ತೆಗೆದು ಚೀನೀ ಮನುಷ್ಯನ ಪಾದಕ್ಕೆ ಪಿನ್ನು ಹಾಕಿ ಸಿಕ್ಕಿಸಿದ್ದರು. ಹೊಸಬರು ಕೇಳಿದರೆ ತಮ್ಮ ಕಾಲು ಚಾಚಿ ತೋರಿಸಿ, ನೋವು ಆಗದಿದ್ದದ್ದನ್ನೇ ದೊಡ್ಡ ವಿದ್ಯೆ ಎಂದುಕೊಂಡಿದ್ದೆ ನೋಡಿ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಕೆಲವರು ಹೆದರಿ ವಾಪಸು ಹೋದರು. ಹೋಗಲಿ ಎನ್ನುತ್ತಿದ್ದರು. ಆ ಕಥೆಯಲ್ಲಿ ನನ್ನ ಆರು ವಾರ ಒಂದು ಸಲವೂ ಬರಲಿಲ್ಲ. ಒಬ್ಬ ಪುಣ್ಯಾತ್ಮ ದಾರ ತಂದು ತೋರಿಸಿದ ಎನ್ನುತ್ತಿದ್ದರು. ನಾನು ಮಂಚದ ಮೇಲೆ ಮಲಗಿ ಅದನ್ನು ಕೇಳಿಸಿಕೊಳ್ಳಬೇಕಾಗಿತ್ತು.

ಭಾನುವಾರಗಳು ತಪ್ಪತೊಡಗಿದವು. ಒಮ್ಮೆ ಮದುವೆ, ಒಮ್ಮೆ ಓವರ್‌ಟೈಮು. ಸಹೋದ್ಯೋಗಿಯ ತಾಯಿಯ ಕೈಯಲ್ಲಿ ಹೇಳಿಕಳಿಸಿದ್ದರು, ಅಂಗಾಲು ಯಾಕ ಬರವಲ್ದು ಎಂದು. ಎರಡು ಸಲ ಹೋದೆ. ನಾನು ಯಾಕೆ ಬರುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು, ಕೇಳಲಿಲ್ಲ. ಆ ಎರಡನೆಯ ಸಲ ಬಾಗಿಲವರೆಗೆ ಬಂದು, ಕಾಲು ನೋಡ್ಕೋತಾ ಇರು ತಮ್ಮಾ ಎಂದರು. ಅಷ್ಟೇ. ಆಮೇಲೆ ತೆಲಂಗಾಣಕ್ಕಾಗಿ ರಾಜ್ಯ ಒಡೆಯುವ ಗದ್ದಲದ ದಿನಗಳು ಬಂದವು. ಅಂಥ ಒಂದು ಬಂದ್‌ನ ದಿನ ಬೆಳಿಗ್ಗೆ ಅವರು ಹೃದಯ ನಿಂತು ತೀರಿಕೊಂಡರೆಂದು ಫೋನು ಬಂತು. ರೈಲಿಲ್ಲ, ಬಸ್ಸಿಲ್ಲ, ಹೇಗೆ ಹೋಗುವುದು ಎಂದು ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಬೈಕು ಬಾಗಿಲಲ್ಲೇ ನಿಂತಿತ್ತು. ಎರಡು ವರ್ಷದ ಮೇಲೆ ಆ ಕಡೆ ಹೋದಾಗ ಮನೆಯ ಜಾಗದಲ್ಲಿ ಲಾಡ್ಜು ತನ್ನ ಇನ್ನೊಂದು ಕೈ ಚಾಚಿಕೊಂಡಿತ್ತು. ತಂಗಿ ಊರಿಗೆ ಹೋದರಂತೆ. ಚೀನೀ ಮನುಷ್ಯ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ.

ಹೆಂಡತಿಗೆ ಇದನ್ನೆಲ್ಲ ಹೇಳಿದ್ದು ನಿವೃತ್ತಿಯಾಗಿ ಈ ಫ್ಲಾಟಿಗೆ ಬಂದ ಮೇಲೆ. ಅವಳು ಮಾರನೆಯ ಭಾನುವಾರದಿಂದ ಚಹಾ ಆದ ಮೇಲೆ ದಾರ ಹಿಡಿದು ನನ್ನ ಕಾಲ ಬಳಿ ಕೂರತೊಡಗಿದಳು. ಹೊಸ ದಾರ, ಅಳತೆ ಹಳೆಯದೇ, ಹತ್ತು ಗ್ರಾಂ. ನನ್ನ ಸಕ್ಕರೆ ಈಗ ಹೊಸ್ತಿಲ ಮೇಲಿಲ್ಲ, ಒಳಗೇ ಬಂದು ಕುಳಿತಿದೆ. ಈಚೆಗೆ ಕೆಲವು ತಿಂಗಳಿಂದ ಉರಿ ಕಡಿಮೆಯಾಗಿದೆ ಎಂದು ನಾನು ಖುಷಿಯಾಗಿದ್ದೆ. ಖುಷಿಯಾಗುವ ವಿಷಯವೇ ಅದು ಎಂದು ಇಷ್ಟೆಲ್ಲ ಕಂಡ ನಾನೇ ನಂಬಿದ್ದೆ.

ಆ ಭಾನುವಾರವೂ ಬಾಲ್ಕನಿಯಲ್ಲೇ ಕುಳಿತೆವು. ಕೆಳಗೆ ಪತ್ರಿ ಇನ್ನೂ ಹೊಗೆಯಾಡುತ್ತಿತ್ತು. ಕಣ್ಣು ಮುಚ್ಚಿದೆ. ಬಲಗಾಲಿಗೆ ಐದು ಸಲ ಹೂಂ ಎಂದೆ. ಎಡಗಾಲಿಗೆ ಕಾಯುತ್ತ ಕುಳಿತೆ. ಹೊಗೆ ಮೂಗಿಗೆ ಬರುತ್ತಿತ್ತು, ಕಾಚಿಗೂಡದ ಪಡಸಾಲೆ ಕಣ್ಣೆದುರಿತ್ತು. ಇವಳು ಕಿಟಕಿ ಮುಚ್ಚಲು ಎದ್ದು ಹೋದಳೇನೋ ಅಂದುಕೊಂಡೆ.

“ಹಚ್ಚೂದು ಯಾವಾಗ?” ಎಂದೆ. ಎಂದ ಮೇಲೆ ಆ ಮಾತು ಯಾರದೆಂದು ನನಗೇ ಕೇಳಿಸಿತು.

“ಹಚ್ಚೇನ್ರಿ,” ಎಂದಳು ಹೆಂಡತಿ, ನನ್ನ ಕಾಲ ಬಳಿಯಿಂದಲೇ. “ಮೂರ ಸಲ ಹಚ್ಚೇನಿ. ಏಳ್ರಿ, ಅಂಗಿ ಹಾಕ್ಕೋರಿ, ಇವತ್ತ ದವಾಖಾನಿಗೆ ಹೋಗೂಣು.”

ಅವಳು ಆಗಲೇ ಎದ್ದು ಒಳಗೆ ಹೋಗಿ ಫೈಲು ಹುಡುಕುತ್ತಿದ್ದಳು. ನಾನು ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಹೆದರಿಕೆ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಕಣ್ಣಲ್ಲಿ ನೀರು ಬಂದದ್ದು ಹೆದರಿಕೆಗಲ್ಲ. ಆ ಪಡಸಾಲೆಯಲ್ಲಿ ಕೆಂಡ ಬಿದ್ದ ದಿನ ಮೌಶಿಗೂ ಹೀಗೆ ಹೇಳುವವರು ಒಬ್ಬರು ಇದ್ದರು. ಮಂಚದ ಮೇಲೆ ಕಾಲು ಚಾಚಿ ಮಲಗಿಕೊಂಡು, ನೋಡುತ್ತ, ಸುಮ್ಮನಿದ್ದರು.